ಕಂಡದ್ದು, ಕೇಳಿದ್ದು, ಬರೆದದ್ದು: ಹಿರಿಯ ಪ್ರಾಥಮಿಕ ಹಂತದ ಕನ್ನಡ ತರಗತಿ ಮತ್ತು ಪತ್ರಿಕಾ ಬರವಣಿಗೆಯ ಮೂಲಪಾಠಗಳು

1. ಪ್ರವೇಶ

'ಪತ್ರಿಕಾ' ಮತ್ತು 'ಉದ್ಯಮ' ಎಂಬ ಎರಡು ಪದಗಳು ಗುಣಸಂಧಿಯಾಗಿ ಕೂಡಿ 'ಪತ್ರಿಕೋದ್ಯಮ' ಎಂಬ ಶಬ್ದವಾಗಿದೆ. ಈ ಶಬ್ದದ ಉತ್ತರಪದವು ನಮ್ಮ ತಿಳಿವಳಿಕೆಯನ್ನು ಒಂದು ದಿಕ್ಕಿಗೆ ಎಳೆದಿದೆ. ಪತ್ರಿಕಾ ಬರವಣಿಗೆ ಎಂದರೆ ಒಂದು ಉದ್ಯಮಕ್ಕೆ ಬೇಕಾದ ಕೌಶಲ, ಆದುದರಿಂದ ಅದು ಪದವಿ ಹಂತದಲ್ಲಿ, ಪ್ರತ್ಯೇಕ ವಿಭಾಗದಲ್ಲಿ, ಉದ್ಯೋಗಾಕಾಂಕ್ಷಿಗಳಿಗೆ ಕಲಿಸಬೇಕಾದ ವಿಷಯ ಎಂಬ ಭಾವನೆ ಬೇರೂರಿದೆ. ಕರ್ನಾಟಕದಲ್ಲಿ ಪತ್ರಿಕೋದ್ಯಮದ ವಿಶ್ವವಿದ್ಯಾಲಯ ಶಿಕ್ಷಣವು 1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರ ನೇತೃತ್ವದಲ್ಲಿ ಆರಂಭವಾಯಿತು. ಅಲ್ಲಿಂದಾಚೆಗೆ ಈ ಜ್ಞಾನಶಾಖೆ ವಿಸ್ತಾರವಾಗಿ ಬೆಳೆದಿದೆಯಾದರೂ ಅದರ ಬೇರುಗಳನ್ನು ಶಾಲೆಯ ಭಾಷಾ ತರಗತಿಯಲ್ಲಿ ಹುಡುಕುವ ಪ್ರಯತ್ನ ಕಡಿಮೆ.

ಪ್ರಸ್ತುತ ಲೇಖನವು ಆರರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ಪತ್ರಿಕಾ ಬರವಣಿಗೆಯ ಮೂಲಾಂಶಗಳನ್ನು ಕಲಿಸುವ ಬಗೆಯನ್ನು ವಿವರಿಸುತ್ತದೆ. ಈ ವಯಸ್ಸಿನ ಮಕ್ಕಳನ್ನು ಪತ್ರಕರ್ತರನ್ನಾಗಿ ಮಾಡುವುದು ಇದರ ಉದ್ದೇಶವಲ್ಲ. ಕಂಡದ್ದನ್ನು ಕೇಳಿದ್ದರಿಂದ ಬೇರ್ಪಡಿಸುವುದು, ಹೇಳಬೇಕಾದುದನ್ನು ಕ್ರಮವಾಗಿ ಹೇಳುವುದು, ಮನುಷ್ಯರನ್ನು ನ್ಯಾಯವಾಗಿ ಹೆಸರಿಸುವುದು – ಈ ಮೂರೂ ಭಾಷಾ ವಿಷಯಗಳು. ಇವನ್ನು ಕಲಿಸಲು ಬೇಕಾದ ಸಾಮಗ್ರಿ ಕನ್ನಡದ ವ್ಯಾಕರಣದೊಳಗೇ ಇದೆ. ಹೀಗಾಗಿ ಇದು ಮೊದಲು ಕನ್ನಡ ಅಧ್ಯಾಪಕರ ಕೆಲಸ ಎಂಬುದು ಇಲ್ಲಿನ ಪ್ರತಿಪಾದನೆ.

'ಸುದ್ದಿ' ಎಂಬ ಪದವನ್ನು ಸಂಸ್ಕೃತದ 'ಶುದ್ಧಿ'ಯ ತದ್ಭವವೆಂದು ನಿಘಂಟುಕಾರರು ಗುರುತಿಸುತ್ತಾರೆ. ಬಾಯಿಂದ ಬಾಯಿಗೆ ಹರಿಯುವ ಮಾತು ಶುದ್ಧಗೊಂಡಾಗ ಮಾತ್ರ ಸುದ್ದಿಯಾಗುತ್ತದೆ ಎಂಬ ಅರ್ಥವನ್ನು ಪದದ ಇತಿಹಾಸದಿಂದ ನೇರವಾಗಿ ಹೊರಡಿಸುವುದು ಸಾಧುವಲ್ಲ. ಆದರೆ ತರಗತಿಯ ಮೊದಲ ದಿನ ಮಕ್ಕಳ ಮುಂದಿಡಲು ಇದಕ್ಕಿಂತ ಒಳ್ಳೆಯ ಪದ ಸಿಕ್ಕಲಾರದು.

2. ಕೆಲವು ಪೂರ್ವ ನಿದರ್ಶನಗಳು

ಮಕ್ಕಳ ಕೈಗೆ ಪತ್ರಿಕೆಯನ್ನು ಒಪ್ಪಿಸಿದ ಪ್ರಯೋಗಗಳು ಹೊಸವಲ್ಲ. ಫ್ರಾನ್ಸಿನ ಸೆಲೆಸ್ಟಿನ್ ಫ್ರೆನೆ ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಪೆಟ್ಟು ತಿಂದು ಮರಳಿದ ಶಿಕ್ಷಕ. 1920ರಲ್ಲಿ ಬಾರ್-ಸುರ್-ಲೂ ಎಂಬ ಹಳ್ಳಿಯ ಶಾಲೆಗೆ ಸೇರಿದ ಅವರಿಗೆ ಹೆಚ್ಚು ಹೊತ್ತು ಗಟ್ಟಿಯಾಗಿ ಪಾಠ ಹೇಳುವುದು ಕಷ್ಟವಾಗುತ್ತಿತ್ತು. ಮಕ್ಕಳನ್ನು ಹೊರಗೆ ಕರೆದೊಯ್ದು, ಕಂಡದ್ದನ್ನು ಅವರಿಂದಲೇ ಹೇಳಿಸಿ, ಬರೆಯಿಸಿ, ತರಗತಿಯೊಳಗೇ ಇಟ್ಟ ಒಂದು ಸಣ್ಣ ಅಚ್ಚಿನ ಯಂತ್ರದಲ್ಲಿ ಮುದ್ರಿಸುವ ಕ್ರಮವನ್ನು ಅವರು ರೂಪಿಸಿದರು. ಮುದ್ರಿತ ಹಾಳೆಗಳು ದೂರದ ಮತ್ತೊಂದು ಶಾಲೆಗೆ ಅಂಚೆಯಲ್ಲಿ ಹೋಗುತ್ತಿದ್ದವು, ಅಲ್ಲಿಂದ ಉತ್ತರಗಳು ಬರುತ್ತಿದ್ದವು. ಮಗುವಿನ ಬರವಣಿಗೆಗೆ ಶಿಕ್ಷಕನನ್ನು ಬಿಟ್ಟು ಬೇರೊಬ್ಬ ಓದುಗ ದೊರೆತದ್ದು ಈ ಪ್ರಯೋಗದ ಸಾರ. ತನ್ನ ಊರನ್ನು ನೋಡದವನಿಗೆ ಬರೆಯುವಾಗ ಮಗು ವಿವರಗಳನ್ನು ಬಿಡಲಾರದು.

ಪೋಲೆಂಡಿನ ವೈದ್ಯ ಹಾಗೂ ಶಿಕ್ಷಣತಜ್ಞ ಯಾನುಷ್ ಕೊರ್ಚಾಕ್ 1926ರ ಅಕ್ಟೋಬರ್‌ನಲ್ಲಿ ವಾರ್ಸಾದ ದಿನಪತ್ರಿಕೆಯೊಂದರ ಶುಕ್ರವಾರದ ಪುರವಣಿಯಾಗಿ 'ಮಾವಿ ಪ್ಶೆಗ್ಲೊಂದ್' ಎಂಬ ಮಕ್ಕಳ ಪತ್ರಿಕೆಯನ್ನು ಆರಂಭಿಸಿದರು. ಮಕ್ಕಳಿಗಾಗಿ ದೊಡ್ಡವರು ಬರೆಯುವ ಪತ್ರಿಕೆ ಅದಾಗಿರಲಿಲ್ಲ. ಮಕ್ಕಳೇ ಬರೆದು ಕಳಿಸಿದ ಪತ್ರಗಳು, ವರದಿಗಳು, ದೂರುಗಳು ಅದರ ಮುಖ್ಯ ಸಾಮಗ್ರಿಯಾಗಿದ್ದವು. 1939ರ ಸೆಪ್ಟೆಂಬರ್ 1ರಂದು, ಜರ್ಮನಿಯ ಸೇನೆ ಪೋಲೆಂಡಿಗೆ ನುಗ್ಗಿದ ದಿನವೇ, ಅದರ ಕೊನೆಯ ಸಂಚಿಕೆ ಹೊರಬಂತು. ತಾವು ನಡೆಸುತ್ತಿದ್ದ ಅನಾಥಾಲಯದ ಮಕ್ಕಳೊಂದಿಗೆ ಕೊರ್ಚಾಕ್ 1942ರಲ್ಲಿ ಟ್ರೆಬ್ಲಿಂಕಾದ ಹತ್ಯಾಶಿಬಿರಕ್ಕೆ ಒಯ್ಯಲ್ಪಟ್ಟರು.

ಕನ್ನಡದಲ್ಲಿಯೂ ಈ ದಿಕ್ಕಿನ ಆಲೋಚನೆಗೆ ನೆಲೆಗಳಿವೆ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ನಡೆಸಿದ ಪ್ರಯೋಗಗಳು ಮತ್ತು ಮೂರು ಸಂಪುಟಗಳ 'ಬಾಲಪ್ರಪಂಚ', ಮಗುವಿನ ಕುತೂಹಲವು ಪಠ್ಯಪುಸ್ತಕಕ್ಕಿಂತ ದೊಡ್ಡದೆಂಬ ನಂಬಿಕೆಯಿಂದ ಹುಟ್ಟಿದವು. 1990ರಲ್ಲಿ ರೂಪುಗೊಂಡ ದುಡಿಯುವ ಮಕ್ಕಳ ಸಂಘಟನೆಯಾದ ಭೀಮ ಸಂಘದ ಒಡನಾಟದಲ್ಲಿ ಬೆಳೆದ 'ಭೀಮ ಪತ್ರಿಕೆ' ಒಂದು ಗೋಡೆ ಪತ್ರಿಕೆ. ಶಾಲೆಯ ಹೊರಗಿದ್ದ ಮಕ್ಕಳೂ ತಮ್ಮ ಸುದ್ದಿಯನ್ನು ತಾವೇ ಹೇಳಬಲ್ಲರೆಂಬುದಕ್ಕೆ ಅದು ಸಾಕ್ಷಿ.

ಗೋಡೆ ಪತ್ರಿಕೆಯನ್ನು ಕೀಳಾಗಿ ಕಾಣುವವರು ಒಂದು ಸಂಗತಿಯನ್ನು ನೆನೆಯಬೇಕು. 1843ರ ಜುಲೈ 1ರಂದು ಹೆರ್ಮನ್ ಮೊಗ್ಲಿಂಗ್ ಹೊರತಂದ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಮುದ್ರಿತವಾದುದು. ಕಲ್ಲಚ್ಚಿನಲ್ಲಿ ಅಕ್ಷರಗಳನ್ನು ಮೊಳೆ ಜೋಡಿಸಿ ಕೂಡಿಸುವುದಿಲ್ಲ, ಕೈಯಿಂದ ಬರೆದುದೇ ಕಲ್ಲಿನ ಮೂಲಕ ಹಾಳೆಗೆ ಇಳಿಯುತ್ತದೆ. ಅಂದರೆ ಕನ್ನಡ ಪತ್ರಿಕೆಯ ಮೊದಲ ಪುಟವೇ ಒಂದು ಕೈಬರಹ.

3. 'ಅಂತೆ' ಎಂಬ ಪ್ರತ್ಯಯ ಮತ್ತು ಸುದ್ದಿಯ ಮೂಲ

ಪತ್ರಿಕಾ ಬರವಣಿಗೆಯ ಮೊದಲ ಪಾಠ ಮೂಲವನ್ನು ಹೇಳುವುದು. ಈ ಸಂಗತಿ ನಿನಗೆ ಹೇಗೆ ತಿಳಿಯಿತು ಎಂಬ ಪ್ರಶ್ನೆಗೆ ವರದಿಯೊಳಗೇ ಉತ್ತರವಿರಬೇಕು. ಇಂಗ್ಲಿಷಿನಂಥ ಭಾಷೆಗಳಲ್ಲಿ ಇದನ್ನು ಹೇಳಲು ಬೇರೆ ವಾಕ್ಯಾಂಶವೇ ಬೇಕು. ಕನ್ನಡದಲ್ಲಿ ಹಾಗಲ್ಲ. 'ಮೇಲಿನ ಕೇರಿಯಲ್ಲಿ ಹಸು ಸತ್ತಿತು' ಎಂಬುದಕ್ಕೂ 'ಮೇಲಿನ ಕೇರಿಯಲ್ಲಿ ಹಸು ಸತ್ತಿತಂತೆ' ಎಂಬುದಕ್ಕೂ ಇರುವ ಅಂತರವನ್ನು ಕನ್ನಡ ಮಾತನಾಡುವ ಮಗು ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಬಲ್ಲದು. ಎರಡನೆಯ ವಾಕ್ಯ ಹೇಳುವವನು ಸಂಗತಿಯ ಹೊಣೆಯನ್ನು ಹೊರುವುದಿಲ್ಲ, ಬೇರೆಯವರಿಂದ ಬಂದ ಮಾತನ್ನು ದಾಟಿಸುತ್ತಾನೆ ಅಷ್ಟೆ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಇದೇ 'ಅಂತ' ಎಂದಾಗುತ್ತದೆ. ನೆರೆಯ ತುಳುವಿನಲ್ಲಿ 'ಗೆ', ಮರಾಠಿಯಲ್ಲಿ 'ಮ್ಹಣೆ' ಇದೇ ಕೆಲಸ ಮಾಡುತ್ತವೆ. ಆದುದರಿಂದ ಮನೆಮಾತು ಬೇರೆಯಾದ ಮಕ್ಕಳಿಗೂ ಈ ಭೇದ ಅಪರಿಚಿತವಲ್ಲ.

ವಿಪರ್ಯಾಸವೆಂದರೆ ಶಾಲೆಯ ಬರವಣಿಗೆಯಲ್ಲಿ ಮಗು ಮೊದಲು ಕಳೆದುಕೊಳ್ಳುವುದು ಈ ಪ್ರತ್ಯಯವನ್ನೇ. 'ಅಂತೆ' ಆಡುಮಾತಿನದು, ಗ್ರಾಂಥಿಕವಲ್ಲ ಎಂದು ಅದನ್ನು ತಿದ್ದಲಾಗುತ್ತದೆ. ಪ್ರಬಂಧದಲ್ಲಿ ಎಲ್ಲ ವಾಕ್ಯಗಳೂ ಒಂದೇ ನಿಶ್ಚಯಾರ್ಥದಲ್ಲಿ ನಿಲ್ಲುತ್ತವೆ. ತಾನು ಕಂಡ ಕೆರೆಯ ಬಗೆಗೂ, ತಾನೆಂದೂ ಕಾಣದ ಹಿಮಾಲಯದ ಬಗೆಗೂ ಮಗು ಒಂದೇ ಖಚಿತ ದನಿಯಲ್ಲಿ ಬರೆಯುತ್ತದೆ. ಪತ್ರಿಕಾ ಭಾಷೆಯಲ್ಲಿ 'ಅಂತೆ'ಯ ಜಾಗಕ್ಕೆ 'ಎನ್ನಲಾಗಿದೆ', 'ತಿಳಿದುಬಂದಿದೆ', 'ಎಂದು ಹೇಳಲಾಗುತ್ತಿದೆ' ಎಂಬ ರೂಪಗಳು ಬಂದಿವೆ. ಇವು 'ಅಂತೆ'ಯ ಗ್ರಾಂಥಿಕ ಪರ್ಯಾಯಗಳಂತೆ ಕಂಡರೂ ಪರಿಣಾಮದಲ್ಲಿ ಬೇರೆ. 'ಅಂತೆ' ಕೇಳಿದವನು ಕೂಡಲೇ 'ಯಾರು ಹೇಳಿದರು?' ಎಂದು ಮರುಪ್ರಶ್ನೆ ಹಾಕುತ್ತಾನೆ. 'ತಿಳಿದುಬಂದಿದೆ' ಎಂಬುದು ಆ ಪ್ರಶ್ನೆಯ ಬಾಯಿ ಮುಚ್ಚಿಸುತ್ತದೆ. ಯಾರಿಗೆ, ಯಾರಿಂದ ತಿಳಿಯಿತು ಎಂಬುದು ಕಾಣೆಯಾಗಿ, ಅಚ್ಚಿನ ಗಾಂಭೀರ್ಯ ಮಾತ್ರ ಉಳಿಯುತ್ತದೆ.

ಇದು ಕೇವಲ ಶೈಲಿಯ ಮಾತಲ್ಲ. 2018ರಲ್ಲಿ ಮಕ್ಕಳ ಕಳ್ಳರ ಕುರಿತ ವಾಟ್ಸ್‌ಆ್ಯಪ್ ವದಂತಿಗಳು ದೇಶದ ಹಲವೆಡೆ ಜೀವಗಳನ್ನು ಬಲಿ ತೆಗೆದುಕೊಂಡವು. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಒಬ್ಬರು, ಜುಲೈಯಲ್ಲಿ ಬೀದರ್ ಜಿಲ್ಲೆಯಲ್ಲಿ ಇನ್ನೊಬ್ಬರು ಗುಂಪಿನ ಹಲ್ಲೆಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಬೀದರ್‌ನ ಘಟನೆಯಲ್ಲಿ ಊರಿನ ಮಕ್ಕಳಿಗೆ ಚಾಕಲೇಟ್ ಕೊಟ್ಟದ್ದೇ ಅನುಮಾನಕ್ಕೆ ಕಾರಣವಾಗಿತ್ತು. ವದಂತಿ ಎಂಬುದು ಹಳೆಯ ಕಾಲದಿಂದಲೂ ಇದೆ. ಆದರೆ ಬಾಯಿಮಾತಿನ ವದಂತಿ ಕನ್ನಡದಲ್ಲಿ ತನ್ನ ಬೆನ್ನಿಗೆ 'ಅಂತೆ'ಯನ್ನು ಕಟ್ಟಿಕೊಂಡೇ ತಿರುಗುತ್ತಿತ್ತು. ಮುಂದೂಡಿದ ಬರಹದ ಸಂದೇಶದಲ್ಲಿ ಆ ಪ್ರತ್ಯಯ ಉದುರಿಹೋಗಿರುತ್ತದೆ. ಹತ್ತು ಕೈ ದಾಟಿ ಬಂದ ಮಾತು ಕಣ್ಣಾರೆ ಕಂಡವನ ಮಾತಿನ ರೂಪದಲ್ಲಿ ಓದುಗನನ್ನು ತಲುಪುತ್ತದೆ. ಅದೇ 2018ರಲ್ಲಿ ಕೇರಳದ ಕಣ್ಣೂರು ಜಿಲ್ಲಾಡಳಿತವು ಸರ್ಕಾರಿ ಶಾಲೆಗಳಲ್ಲಿ 'ಸತ್ಯಮೇವ ಜಯತೆ' ಎಂಬ ಹೆಸರಿನಲ್ಲಿ ಸುಳ್ಳು ಸುದ್ದಿಯನ್ನು ಗುರುತಿಸುವ ತರಗತಿಗಳನ್ನು ನಡೆಸಿದ್ದು ಇಲ್ಲಿ ಸ್ಮರಣೀಯ. ಕನ್ನಡ ತರಗತಿಯು ಈ ಕೆಲಸವನ್ನು ವ್ಯಾಕರಣದಿಂದಲೇ ಆರಂಭಿಸಬಹುದು.

ಇದಕ್ಕೆ ಸರಳ ಸಾಧನವೊಂದಿದೆ. ಮಕ್ಕಳ ನೋಟುಪುಸ್ತಕದ ಪುಟವನ್ನು ಮೂರು ಅಂಕಣಗಳಾಗಿ ವಿಂಗಡಿಸಿ 'ಕಂಡದ್ದು', 'ಕೇಳಿದ್ದು', 'ಊಹಿಸಿದ್ದು' ಎಂದು ತಲೆಬರಹ ಕೊಡುವುದು. ಪ್ರತ್ಯಕ್ಷ, ಆಪ್ತವಾಕ್ಯ, ಅನುಮಾನ ಎಂಬ ಪ್ರಮಾಣಗಳ ವಿಂಗಡಣೆಯೇ ಇದು, ಮಕ್ಕಳಿಗೆ ಆ ಹೆಸರುಗಳ ಭಾರ ಬೇಕಿಲ್ಲ. 'ಕೇಳಿದ್ದು' ಅಂಕಣದ ಪ್ರತಿಯೊಂದು ಸಾಲಿನ ಮುಂದೆ ಹೇಳಿದವರ ಹೆಸರು ಇರಬೇಕು. ಹೆಸರಿಲ್ಲದ ಸಾಲು ವರದಿಗೆ ಹೋಗುವುದಿಲ್ಲ. ಗಾದೆಗಳ ವಿಸ್ತರಣೆಯನ್ನು ಪರೀಕ್ಷೆಗಾಗಿ ಕಂಠಪಾಠ ಮಾಡಿಸುವ ನಾವು 'ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ' ಎಂಬ ಗಾದೆಯನ್ನೂ 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ಗಾದೆಯನ್ನೂ ಈ ಅಂಕಣಗಳ ಪಕ್ಕದಲ್ಲಿ ಇಟ್ಟರೆ ಅವುಗಳ ವಿಸ್ತರಣೆ ತಾನಾಗಿ ಆಗುತ್ತದೆ.

4. ಕಥನಕ್ರಮ ಮತ್ತು ವರದಿಕ್ರಮ

ಎರಡನೆಯ ಪಾಠ ಕ್ರಮದ್ದು. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂಬ ಆರು ಪ್ರಶ್ನೆಗಳನ್ನು ಪತ್ರಿಕೋದ್ಯಮದ ಎಲ್ಲ ಕೈಪಿಡಿಗಳೂ ಹೇಳುತ್ತವೆ. ಮಕ್ಕಳು ಇವನ್ನು ಒಂದೇ ದಿನದಲ್ಲಿ ಬಾಯಿಪಾಠ ಮಾಡಿಬಿಡುತ್ತಾರೆ. ಕಷ್ಟ ಇರುವುದು ಉತ್ತರಗಳನ್ನು ಯಾವ ಅನುಕ್ರಮದಲ್ಲಿ ಇಡಬೇಕೆಂಬಲ್ಲಿ. ಅಜ್ಜಿಯ ಕಥೆ ಕೇಳಿ ಬೆಳೆದ ಮಗುವಿಗೆ ಸಹಜವಾದದ್ದು ಕಾಲಾನುಕ್ರಮ. ಒಂದು ಕಲ್ಪಿತ ಉದಾಹರಣೆಯನ್ನು ನೋಡಬಹುದು:

'ಬೆಳಿಗ್ಗೆ ನಾವು ಶಾಲೆಗೆ ಬಂದೆವು. ಪ್ರಾರ್ಥನೆ ಆಯಿತು. ಆಮೇಲೆ ಮೋಡ ಕವಿಯಿತು. ಊಟದ ಹೊತ್ತಿಗೆ ಜೋರು ಗಾಳಿ ಬಂತು. ಅಡುಗೆ ಕೋಣೆಯ ಹಂಚುಗಳು ಹಾರಿಹೋದವು. ಯಾರಿಗೂ ಪೆಟ್ಟಾಗಲಿಲ್ಲ.'

ಕಥನವಾಗಿ ಇದರಲ್ಲಿ ದೋಷವಿಲ್ಲ. ಕೇಳುಗ ಕೊನೆಯವರೆಗೂ ಕಾಯಬಲ್ಲ. ಆದರೆ ಮಗನನ್ನು ಆ ಶಾಲೆಗೆ ಕಳಿಸಿದ ತಾಯಿ ಗೋಡೆ ಪತ್ರಿಕೆಯ ಮುಂದೆ ನಿಂತು ಓದುವಾಗ ಕೊನೆಯ ವಾಕ್ಯವೇ ಅವಳಿಗೆ ಮೊದಲು ಬೇಕು. ಹೀಗೆ ಓದುಗನ ಅಗತ್ಯವನ್ನು ಮುಂದಿಟ್ಟಾಗ ಅದೇ ಸಂಗತಿ ಮತ್ತೊಂದು ರೂಪ ಪಡೆಯುತ್ತದೆ:

'ನಮ್ಮ ಶಾಲೆಯ ಅಡುಗೆ ಕೋಣೆಯ ಹಂಚುಗಳು ಮಂಗಳವಾರ ಮಧ್ಯಾಹ್ನದ ಗಾಳಿಗೆ ಹಾರಿಹೋಗಿವೆ. ಯಾರಿಗೂ ಪೆಟ್ಟಾಗಿಲ್ಲ. ಆಗ ಮಕ್ಕಳು ಜಗುಲಿಯಲ್ಲಿ ಊಟಕ್ಕೆ ಕುಳಿತಿದ್ದರು.'

ಇಲ್ಲಿ ವಾಕ್ಯಗಳ ಕ್ರಮದೊಂದಿಗೆ ಕ್ರಿಯಾಪದದ ರೂಪವೂ ಬದಲಾಗಿರುವುದನ್ನು ಗಮನಿಸಬೇಕು. 'ಪೆಟ್ಟಾಗಲಿಲ್ಲ' ಎಂಬುದು ಮುಗಿದ ಕಥೆಯ ಭೂತಕಾಲ. 'ಪೆಟ್ಟಾಗಿಲ್ಲ' ಎಂಬುದು ಓದುವ ಈ ಕ್ಷಣಕ್ಕೂ ಸಲ್ಲುವ ಮಾತು. 'ಹೋದವು' ಮತ್ತು 'ಹೋಗಿವೆ' ಎಂಬಲ್ಲಿಯೂ ಅದೇ ಭೇದ. ಕಾಲರೂಪಗಳನ್ನು ಕೋಷ್ಟಕದಲ್ಲಿ ತುಂಬಿಸುವುದಕ್ಕಿಂತ ಇಂಥ ಎರಡು ಬರಹಗಳನ್ನು ಅಕ್ಕಪಕ್ಕದಲ್ಲಿ ಇರಿಸುವುದು ಹೆಚ್ಚು ಫಲಕಾರಿ.

ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಕೃದಂತಗಳನ್ನು ಒಂದರ ಹಿಂದೊಂದು ಪೋಣಿಸಿ ವಾಕ್ಯವನ್ನು ಎಷ್ಟು ಬೇಕಾದರೂ ಬೆಳೆಸಬಹುದು. ಎಲ್ಲ ಆರು ಪ್ರಶ್ನೆಗಳಿಗೂ ಒಂದೇ ವಾಕ್ಯದಲ್ಲಿ ಉತ್ತರಿಸಹೊರಟಾಗ ಪತ್ರಿಕೆಗಳಲ್ಲಿ ನಾವು ನಿತ್ಯ ಕಾಣುವ ಮಾದರಿ ಹುಟ್ಟುತ್ತದೆ: 'ಬೀಸಿದ ಭಾರೀ ಗಾಳಿಗೆ ಸಿಲುಕಿ ಶಾಲೆಯ ಅಡುಗೆ ಕೋಣೆಯ ಹಂಚುಗಳು ಹಾರಿಹೋಗಿ ವಿದ್ಯಾರ್ಥಿಗಳು ಭಯಭೀತರಾಗಿ ಓಡಿ ಅದೃಷ್ಟವಶಾತ್ ಪಾರಾದ ಘಟನೆ ನಡೆದಿದೆ.' ಹಾರಿದ್ದು ಹಂಚು, ಓಡಿದ್ದು ಮಕ್ಕಳು. ಆದರೆ ವಾಕ್ಯದ ಮುಖ್ಯ ಕರ್ತೃ 'ಘಟನೆ', ಅದರ ಕೆಲಸ 'ನಡೆಯುವುದು'. ಮಕ್ಕಳು ಪತ್ರಿಕೆ ಓದಿ ಬೇಗ ಅನುಕರಿಸುವುದು ಇದನ್ನೇ. 'ಘಟನೆ ನಡೆದಿದೆ' ಎಂಬ ಎರಡು ಪದಗಳನ್ನು ಬಳಸದೆ ಬರೆಯಿರಿ ಎಂಬ ಒಂದೇ ನಿಯಮ ಹಾಕಿದರೂ ವಾಕ್ಯಗಳು ತುಂಡಾಗಿ, ಕರ್ತೃಗಳು ತಮ್ಮ ಜಾಗಕ್ಕೆ ಮರಳುತ್ತಾರೆ.

5. ಹೆಸರಿಸುವ ಬಗೆ: ವಚನ, ಪ್ರಯೋಗ, ಉದ್ಧರಣೆ

ಮೂರನೆಯ ಪಾಠ ಮನುಷ್ಯರನ್ನು ಕುರಿತದ್ದು. ಕನ್ನಡದಲ್ಲಿ ಒಬ್ಬ ವ್ಯಕ್ತಿಯ ಬಗೆಗೆ ಬರೆಯತೊಡಗಿದ ಕೂಡಲೇ ಏಕವಚನವೋ ಬಹುವಚನವೋ ಎಂಬುದನ್ನು ತೀರ್ಮಾನಿಸಲೇಬೇಕು. 'ಸಚಿವರು ಆಗಮಿಸಿದರು', 'ಕೂಲಿ ಕಾರ್ಮಿಕ ಮೃತಪಟ್ಟಿದ್ದಾನೆ', 'ಆರೋಪಿ ಪರಾರಿಯಾಗಿದ್ದಾನೆ' – ಈ ಬಗೆಯ ವಾಕ್ಯಗಳಲ್ಲಿ ವಚನವು ಎಣಿಕೆಯನ್ನು ಹೇಳುವುದಿಲ್ಲ, ಸಮಾಜದ ಶ್ರೇಣಿಯನ್ನು ಹೇಳುತ್ತದೆ. ಸಾವಿಗೂ ಶ್ರೇಣಿಯಿದೆ: ಕೆಲವರು ಸಾಯುತ್ತಾರೆ, ಕೆಲವರು ಮೃತಪಡುತ್ತಾರೆ, ಕೆಲವರು ನಿಧನರಾಗುತ್ತಾರೆ. ಆರೋಪ ಸಾಬೀತಾಗುವ ಮೊದಲೇ ಏಕವಚನವು ತೀರ್ಪು ಕೊಟ್ಟುಬಿಡುತ್ತದೆ.

ಹನ್ನೆರಡು ವರ್ಷದ ಮಗುವಿಗೆ ಇದನ್ನು ತತ್ತ್ವವಾಗಿ ಬೋಧಿಸಬೇಕಿಲ್ಲ. ಬಿಸಿಯೂಟ ಬಡಿಸುವವರ ಬಗೆಗೆ, ಶಾಲೆಯ ಅಂಗಳ ಗುಡಿಸುವವರ ಬಗೆಗೆ, ಮುಖ್ಯೋಪಾಧ್ಯಾಯರ ಬಗೆಗೆ ತಲಾ ಎರಡು ವಾಕ್ಯ ಬರೆಸಿ, ಕ್ರಿಯಾಪದಗಳ ಕೆಳಗೆ ಗೆರೆ ಎಳೆಯಿಸಿದರೆ ಸಾಕು. ಯಾರಿಗೆ 'ಬಂದರು', ಯಾರಿಗೆ 'ಬಂದಳು' ಎಂಬುದು ಹಾಳೆಯ ಮೇಲೆಯೇ ಕಾಣುತ್ತದೆ. ಮಗು ಒಂದು ಒಳ್ಳೆಯ ಪ್ರಶ್ನೆಯನ್ನೂ ಕೇಳಬಹುದು: ಅಮ್ಮನಿಗೂ ನಾವು 'ಬಂದಳು' ಎನ್ನುತ್ತೇವಲ್ಲ, ಅದು ಅಗೌರವವೇ? ಮನೆಯೊಳಗಿನ ಏಕವಚನ ಸಲುಗೆಯದು, ಅಪರಿಚಿತ ಓದುಗರ ಮುಂದಿನ ಏಕವಚನ ಬೇರೆಯದು ಎಂಬ ವಿವೇಚನೆ ಈ ಪ್ರಶ್ನೆಯಿಂದಲೇ ಬೆಳೆಯುತ್ತದೆ. ಶಾಲಾ ಪತ್ರಿಕೆಯಲ್ಲಿ ಬರುವ ಎಲ್ಲ ವಯಸ್ಕರಿಗೂ ಒಂದೇ ಬಹುವಚನ ಎಂಬ ನಿಯಮವನ್ನು ತರಗತಿಯೇ ಚರ್ಚಿಸಿ ಮಾಡಿಕೊಳ್ಳುವುದು ಒಳಿತು.

ಕರ್ಮಣಿ ಪ್ರಯೋಗದ ಪಾಠವನ್ನೂ ಇಲ್ಲಿಗೆ ತರಬಹುದು. ಕರ್ತರಿ ವಾಕ್ಯವನ್ನು ಕರ್ಮಣಿಗೆ ಬದಲಾಯಿಸುವ ಅಭ್ಯಾಸ ನಮ್ಮ ವ್ಯಾಕರಣ ಬೋಧನೆಯ ಒಂದು ವಿಧಿ. ಆಡುಮಾತಿನಲ್ಲಿ ವಿರಳವಾದ ಈ ರೂಪ ಸರ್ಕಾರಿ ಪ್ರಕಟಣೆಗಳಲ್ಲೂ ಪತ್ರಿಕೆಗಳಲ್ಲೂ ಹೇರಳ. ಸಂಸ್ಕೃತದ ಚೌಕಟ್ಟಿನಲ್ಲಿ ಕನ್ನಡ ವ್ಯಾಕರಣವನ್ನು ಕಲಿಸುವುದರ ಬಗೆಗೆ ಡಿ. ಎನ್. ಶಂಕರ ಭಟ್ಟರು ಎತ್ತಿದ ಪ್ರಶ್ನೆಗಳು ಕನ್ನಡ ವಿಭಾಗಗಳಿಗೆ ಚಿರಪರಿಚಿತ. ಪತ್ರಿಕಾ ಬರವಣಿಗೆಯ ದೃಷ್ಟಿಯಿಂದ ಅಭ್ಯಾಸದ ದಿಕ್ಕನ್ನು ತಿರುಗಿಸುವುದು ಉಪಯುಕ್ತ. 'ಕೊಳವೆಬಾವಿಯನ್ನು ದುರಸ್ತಿ ಮಾಡಲಾಗಿದೆ' ಎಂಬ ವಾಕ್ಯವನ್ನು ಕೊಟ್ಟು, ಯಾರು ಮಾಡಿದರು ಎಂದು ವಿಚಾರಿಸಿ ಕರ್ತರಿಗೆ ಬದಲಾಯಿಸಿ ಎಂದರೆ, ಮಗು ವ್ಯಾಕರಣದ ಪುಸ್ತಕ ಬಿಟ್ಟು ಪಂಚಾಯಿತಿ ಕಚೇರಿಗೆ ಹೋಗಬೇಕಾಗುತ್ತದೆ.

ಉದ್ಧರಣೆಯ ವಿಷಯದಲ್ಲಿ ಕನ್ನಡಕ್ಕೆ ತನ್ನದೇ ತೊಡಕಿದೆ. 'ಅಧ್ಯಕ್ಷರು ನಲ್ಲಿ ಹಾಕಿಸುತ್ತೇನೆ ಎಂದರು' ಎಂಬಲ್ಲಿ ಆಡಿದವರ ಉತ್ತಮ ಪುರುಷ ಕ್ರಿಯಾಪದ ಹಾಗೆಯೇ ಉಳಿಯುತ್ತದೆ. ಉದ್ಧರಣ ಚಿಹ್ನೆ ಇಲ್ಲದಿದ್ದರೆ ಇದು ಅವರದೇ ಮಾತೋ ವರದಿಗಾರ ಸಂಗ್ರಹಿಸಿದ ಸಾರವೋ ಎಂಬುದು ತಿಳಿಯದು. 'ಹಾಕಿಸುವುದಾಗಿ ಹೇಳಿದರು' ಎಂದಾಗ ಅದು ಸ್ಪಷ್ಟವಾಗಿ ವರದಿಗಾರನ ಮಾತು. ಚಿಹ್ನೆಯೊಳಗೆ ಇಟ್ಟ ಮಾತು ಆಡಿದವರ ಮಾತೇ ಆಗಿರಬೇಕು, ಒಂದು ಪದವೂ ಹೆಚ್ಚು ಕಡಿಮೆ ಇರಬಾರದು ಎಂಬ ನಿಯಮದ ಜೊತೆಗೆ ಇನ್ನೊಂದು ಪ್ರಶ್ನೆ ಬರುತ್ತದೆ. ಧಾರವಾಡದ ಕಡೆಯ ಅಜ್ಜಿಯೊಬ್ಬರು 'ನೀರ ಬಂದು ಎಂಟ ದಿನಾ ಆತು' ಎಂದರೆ ಅದನ್ನು 'ನೀರು ಬಂದು ಎಂಟು ದಿನಗಳಾದವು' ಎಂದು ತಿದ್ದಬೇಕೆ? ತಿದ್ದಿದರೆ ಅಜ್ಜಿಯ ಮಾತು ಹೋಗುತ್ತದೆ, ಕಛೇರಿಯ ಅರ್ಜಿ ಉಳಿಯುತ್ತದೆ. ತನ್ನ ಮನೆಯ ಮಾತು ಹಾಗೆಯೇ ಪತ್ರಿಕೆಯಲ್ಲಿ ಬಂದುದನ್ನು ಕಂಡ ಮಗುವಿಗೆ ಉಪಭಾಷೆಯ ಬಗೆಗಿನ ಹಿಂಜರಿಕೆ ಕಡಿಮೆಯಾಗುತ್ತದೆ.

6. ಗೋಡೆ ಯಾರದು?

ಇಷ್ಟರವರೆಗಿನ ಪಾಠಗಳನ್ನು ಯಾರೂ ಆಕ್ಷೇಪಿಸಲಾರರು. ಮಗುವಿನ ವರದಿ ನಿಜವಾದಾಗ ಆಕ್ಷೇಪ ಹುಟ್ಟುತ್ತದೆ. ಶೌಚಾಲಯಕ್ಕೆ ಬೀಗ ಹಾಕಿದೆ, ಸಾಂಬಾರಿನಲ್ಲಿ ಬೇಳೆ ಇರಲಿಲ್ಲ ಎಂಬ ವಾಕ್ಯಗಳು ಕಂಡದ್ದನ್ನು ಕಂಡಂತೆ ಹೇಳುತ್ತವೆ. ಆಗ ಗೋಡೆ ಪತ್ರಿಕೆಯ ಹಾಳೆಯನ್ನು ಉಳಿಸುವುದೋ ಕೀಳುವುದೋ?

ಅಮೆರಿಕದ ಮಿಸೌರಿ ರಾಜ್ಯದ ಹೇಝಲ್‌ವುಡ್‌ನ ಪ್ರೌಢಶಾಲೆಯೊಂದರಲ್ಲಿ ವಿದ್ಯಾರ್ಥಿಗಳ ಪತ್ರಿಕೆಯ ಎರಡು ಪುಟಗಳನ್ನು ಪ್ರಾಂಶುಪಾಲರು ತೆಗೆಸಿದ ಪ್ರಕರಣದಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 1988ರಲ್ಲಿ ಶಾಲೆಯ ಪರವಾಗಿ ತೀರ್ಪು ಕೊಟ್ಟಿತು. ಪಾಠದ ಭಾಗವಾಗಿ ಶಾಲೆಯ ಹೆಸರಿನಲ್ಲಿ ಹೊರಬರುವ ಪತ್ರಿಕೆಯ ಮೇಲೆ ಶೈಕ್ಷಣಿಕ ಕಾರಣಗಳಿಗಾಗಿ ಶಾಲೆಗೆ ಹಿಡಿತವಿರಬಹುದೆಂಬುದು ಅದರ ಸಾರ. ನಮ್ಮಲ್ಲಿ ಭಯ ಇನ್ನೊಂದು ಬಗೆಯದು. 2019ರಲ್ಲಿ ಉತ್ತರ ಪ್ರದೇಶದ ಮಿರ್ಜಾಪುರ ಜಿಲ್ಲೆಯ ಶಾಲೆಯೊಂದರಲ್ಲಿ ಮಕ್ಕಳಿಗೆ ರೊಟ್ಟಿಯೊಂದಿಗೆ ಉಪ್ಪು ಬಡಿಸಿದ್ದನ್ನು ಚಿತ್ರೀಕರಿಸಿದ ಪತ್ರಕರ್ತನ ಮೇಲೆಯೇ ಮೊಕದ್ದಮೆ ದಾಖಲಾಯಿತು. ವೃತ್ತಿನಿರತನ ಸ್ಥಿತಿಯೇ ಹೀಗಿರುವಾಗ ಮಗುವನ್ನೂ ಅದರ ಹಿಂದಿರುವ ಶಿಕ್ಷಕರನ್ನೂ ಯಾವ ಧೈರ್ಯದ ಮೇಲೆ ಮುಂದೆ ನಿಲ್ಲಿಸಬಹುದು ಎಂಬ ಪ್ರಶ್ನೆ ಸುಳ್ಳಲ್ಲ.

ಉತ್ತರವು ಪತ್ರಿಕಾಧರ್ಮದೊಳಗೇ ಇದೆ. ಮೊದಲನೆಯದಾಗಿ, ಯಾರ ಬಗೆಗೆ ಬರೆಯಲಾಗಿದೆಯೋ ಅವರನ್ನು ಪ್ರಕಟಣೆಗೆ ಮೊದಲೇ ಕಂಡು ಮಾತನಾಡಿಸಬೇಕು. ಬೇಳೆ ಏಕೆ ಇರಲಿಲ್ಲವೆಂದು ಅಡುಗೆಯವರನ್ನು ಕೇಳಿದಾಗ ದಾಸ್ತಾನು ಬಂದಿರಲಿಲ್ಲವೆಂಬ ಸಂಗತಿ ಹೊರಬರಬಹುದು. ಆಗ ವರದಿ ದೂರಾಗಿ ಉಳಿಯದೆ ವಿವರಣೆಯಾಗುತ್ತದೆ, ತಪ್ಪು ಬಡವರ ತಲೆಗೆ ಬೀಳುವುದೂ ತಪ್ಪುತ್ತದೆ. ಎರಡನೆಯದಾಗಿ, ಶಿಕ್ಷಕರು ಯಾವ ವಾಕ್ಯವನ್ನು ತೆಗೆದರೂ ಅದರ ಕಾರಣವನ್ನು ಮಕ್ಕಳಿಗೆ ಹೇಳಬೇಕು. ಕಾರಣವಿಲ್ಲದೆ ಹೊಡೆದುಹಾಕಿದ ಕೆಂಪು ಗೆರೆ ಮಗುವಿಗೆ ಕಲಿಸುವುದು ಮೌನವನ್ನು ಮಾತ್ರ. ಮೂರನೆಯದಾಗಿ, ಎಲ್ಲ ಸತ್ಯವೂ ಗೋಡೆಗೆ ಸಲ್ಲುವುದಲ್ಲ. ಸಂಕಷ್ಟಕ್ಕೆ ಸಿಲುಕಿದ ಮಗುವಿನ ಗುರುತನ್ನು ಬಯಲು ಮಾಡುವುದನ್ನು 2015ರ ಬಾಲನ್ಯಾಯ ಕಾಯಿದೆಯ 74ನೆಯ ಕಲಮು ನಿಷೇಧಿಸುತ್ತದೆ, 2012ರ ಪೋಕ್ಸೋ ಕಾಯಿದೆಯಲ್ಲೂ ಅಂಥ ನಿರ್ಬಂಧವಿದೆ. ಸಹಪಾಠಿಯ ಮನೆಯ ಜಗಳ, ಕಾಯಿಲೆ, ಜಾತಿ, ಅಂಕಗಳು ಸುದ್ದಿಯಲ್ಲ ಎಂಬುದನ್ನು ಕಾಯಿದೆಗಿಂತ ಮೊದಲು ಸ್ನೇಹದ ನೆಲೆಯಲ್ಲಿ ತಿಳಿಸಬೇಕು. ನಾಲ್ಕನೆಯದಾಗಿ, ಗೋಡೆಯ ಮೇಲೆ ಪರಿಹಾರ ಕಾಣದ ಸಂಗತಿಗಳಿಗೆ ಬೇರೆ ವೇದಿಕೆಯಿದೆ. 2006ರಿಂದ ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆಗಳನ್ನು ನಡೆಸುವ ಕ್ರಮ ಬಂದಿದೆ. ದಿನಾಂಕ, ಸ್ಥಳ, ಹೇಳಿದವರ ಹೆಸರುಗಳಿರುವ ಮಗುವಿನ ವರದಿ ಅಲ್ಲಿ ಮಂಡಿಸಲು ತಕ್ಕ ದಾಖಲೆ.

7. ಮೂರು ವರ್ಷಗಳ ಒಂದು ವಿನ್ಯಾಸ

ಮೇಲಿನ ಅಂಶಗಳನ್ನು ಈಗಿರುವ ಪಾಠಯೋಜನೆಗೆ ಹೊರೆಯಾಗದಂತೆ ಹಂಚಬಹುದು. ಆರನೆಯ ತರಗತಿಯಲ್ಲಿ ನೋಡುವುದು ಮತ್ತು ಗುರುತು ಹಾಕಿಕೊಳ್ಳುವುದು ಮಾತ್ರ. ಮೂರು ಅಂಕಣಗಳ ಪುಟ, ವಾರದ ಸಂತೆಯಲ್ಲಿ ಐದು ತರಕಾರಿಗಳ ಬೆಲೆ, ಆ ದಿನದ ಹಾಜರಿ, ಮಳೆ ಬಂದ ದಿನಗಳ ಪಟ್ಟಿ – ಇವು ಸಾಕು. ವರದಿ ನಾಲ್ಕೈದು ವಾಕ್ಯಗಳನ್ನು ಮೀರಬೇಕಿಲ್ಲ.

ಏಳನೆಯ ತರಗತಿಯಲ್ಲಿ ಸಂದರ್ಶನ ಮತ್ತು ಕ್ರಮ. ಪ್ರಶ್ನೆಗಳನ್ನು ಮೊದಲೇ ಬರೆದುಕೊಳ್ಳುವುದು, ಹೌದು ಅಲ್ಲ ಎಂಬ ಉತ್ತರಕ್ಕೆ ನಿಲ್ಲುವ ಪ್ರಶ್ನೆಗಳನ್ನು ಬಿಡುವುದು, ಮರುಪ್ರಶ್ನೆ ಕೇಳುವುದು. ಊರಿನ ಕುಂಬಾರರು, ಅಂಚೆಯಣ್ಣ, ಅಂಗನವಾಡಿ ಕಾರ್ಯಕರ್ತೆ, ಬಸ್ಸಿನ ನಿರ್ವಾಹಕರು ಇವರೊಡನೆ ಮಾತನಾಡಿ ಬಂದ ಮಗು ಕಥನಕ್ರಮವನ್ನೂ ವರದಿಕ್ರಮವನ್ನೂ ಎರಡು ಹಾಳೆಗಳಲ್ಲಿ ಬರೆಯಬೇಕು. ಕೆಲವು ವೃತ್ತಿಪದಗಳು ಈ ನೆಪದಲ್ಲಿ ಸಂಗ್ರಹವಾಗುವುದು ಜಾನಪದ ಮತ್ತು ನಿಘಂಟು ಅಧ್ಯಯನಕ್ಕೂ ಲಾಭ.

ಎಂಟನೆಯ ತರಗತಿಯಲ್ಲಿ ಸಂಪಾದನೆ. ತಿಂಗಳಿಗೊಮ್ಮೆ ಗೋಡೆ ಪತ್ರಿಕೆ. ಒಬ್ಬರು ಬರೆದುದನ್ನು ಇನ್ನೊಬ್ಬರು ಮೂಲದೊಡನೆ ತಾಳೆ ನೋಡುವುದು, ತಲೆಬರಹ ಕೊಡುವುದು, ತಪ್ಪು ನುಸುಳಿದ್ದರೆ ಮುಂದಿನ ಸಂಚಿಕೆಯಲ್ಲಿ ಅದೇ ಜಾಗದಲ್ಲಿ 'ತಿದ್ದುಪಡಿ' ಪ್ರಕಟಿಸುವುದು. ಸುದ್ದಿಯನ್ನೂ ಅಭಿಪ್ರಾಯವನ್ನೂ ಬೇರೆ ಬೇರೆ ಅಂಕಣಗಳಲ್ಲಿ ಇಡುವುದು. ಸಂಪಾದಕ ಸ್ಥಾನ ಪ್ರತಿ ಸಂಚಿಕೆಗೂ ಬದಲಾಗಬೇಕು, ಹುಡುಗಿಯರಿಗೂ ಸಮಪಾಲು ದೊರೆಯಬೇಕು. ಅಂದವಾದ ಕೈಬರಹವಿರುವ ಒಬ್ಬರೇ 'ಬರಹಗಾರ'ರಾಗಿ ಉಳಿಯುವುದು ಅನೇಕ ಗೋಡೆ ಪತ್ರಿಕೆಗಳ ದೌರ್ಬಲ್ಯ. ಸಾಧ್ಯವಿದ್ದಲ್ಲಿ ಫ್ರೆನೆಯ ಮಾದರಿಯಲ್ಲಿ ಮಲೆನಾಡಿನ ಒಂದು ಶಾಲೆಯೂ ಬಯಲುಸೀಮೆಯ ಒಂದು ಶಾಲೆಯೂ ಪ್ರತಿಗಳನ್ನು ವಿನಿಮಯ ಮಾಡಿಕೊಳ್ಳಬಹುದು. ಇದರ ವೆಚ್ಚ ಅಂಚೆಯದಷ್ಟೇ.

ಸಾಹಿತ್ಯದ ಅಧ್ಯಾಪಕರಿಂದ ಒಂದು ಆಕ್ಷೇಪವನ್ನು ನಿರೀಕ್ಷಿಸಬಹುದು. ಸುದ್ದಿಯ ಒಣಭಾಷೆ ಮಗುವಿನ ಕಲ್ಪನೆಯನ್ನು ಬತ್ತಿಸುವುದಿಲ್ಲವೆ? ಕನ್ನಡದ ಅನುಭವ ಹಾಗೆ ಹೇಳುವುದಿಲ್ಲ. 'ಮಂಕುತಿಮ್ಮನ ಕಗ್ಗ'ದ ಕವಿ ಡಿ.ವಿ.ಜಿ. ಪತ್ರಕರ್ತರಾಗಿದ್ದವರು, 'ವೃತ್ತಪತ್ರಿಕೆ' ಎಂಬ ಗ್ರಂಥವನ್ನೇ ಬರೆದವರು. ಕವಿ, ಕತೆಗಾರ ಪಿ. ಲಂಕೇಶರು 1980ರಲ್ಲಿ ಆರಂಭಿಸಿದ ವಾರಪತ್ರಿಕೆ ಕನ್ನಡ ಗದ್ಯದ ಲಯವನ್ನೇ ಬದಲಿಸಿತು. ನೋಡುವ ಕಣ್ಣು ಚುರುಕಾದಲ್ಲಿ ಕಲ್ಪನೆ ಸೊರಗುವುದಿಲ್ಲ. ಅದನ್ನು ಸೊರಗಿಸುವುದು ಗೈಡುಗಳಿಂದ ನಕಲಾಗಿ ಬರುವ 'ನಮ್ಮ ಊರಿನ ಜಾತ್ರೆ' ಎಂಬ ಪ್ರಬಂಧ. ಆ ಜಾತ್ರೆ ಯಾವ ಊರಿನದೂ ಅಲ್ಲ.

8. ಸಮಾರೋಪ

ಒಟ್ಟಾರೆ ಈ ಚರ್ಚೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಪತ್ರಿಕಾ ಬರವಣಿಗೆಯ ಮೂಲಪಾಠಗಳು ಹೊಸ ಪಠ್ಯವಿಷಯವನ್ನಾಗಲಿ ಯಂತ್ರೋಪಕರಣಗಳನ್ನಾಗಲಿ ಬೇಡುವುದಿಲ್ಲ. ಪ್ರತ್ಯಯ, ಕಾಲರೂಪ, ವಚನ, ಪ್ರಯೋಗ, ಉದ್ಧರಣ ಚಿಹ್ನೆ ಎಂದು ನಾವು ಈಗಾಗಲೇ ಕಲಿಸುತ್ತಿರುವ ವ್ಯಾಕರಣಾಂಶಗಳಿಗೆ ಅವು ಒಂದು ಪ್ರಯೋಜನವನ್ನು ಒದಗಿಸುತ್ತವೆ. ವಿಶ್ವವಿದ್ಯಾಲಯದ ಕನ್ನಡ ವಿಭಾಗಗಳು ಸ್ನಾತಕೋತ್ತರ ಹಂತದಲ್ಲಿ ಪತ್ರಿಕಾ ಭಾಷೆಯನ್ನು ಒಂದು ಪತ್ರಿಕೆಯಾಗಿ ಬೋಧಿಸುವಾಗ ಅದರ ಶಾಲಾ ಹಂತದ ಬೋಧನೆಯನ್ನೂ ಸಂಶೋಧನೆಯ ವಸ್ತುವಾಗಿ ಪರಿಗಣಿಸಬೇಕಾಗಿದೆ. 'ಅಂತೆ'ಯಂತಹ ರೂಪಗಳು ಕನ್ನಡದ ವಿವಿಧ ಉಪಭಾಷೆಗಳಲ್ಲಿ ಹೇಗೆ ಬಳಕೆಯಾಗುತ್ತವೆ, ಶಾಲಾ ಬರವಣಿಗೆಯಲ್ಲಿ ಯಾವ ಹಂತದಲ್ಲಿ ಮರೆಯಾಗುತ್ತವೆ ಎಂಬುದು ಕ್ಷೇತ್ರಕಾರ್ಯಕ್ಕೆ ಯೋಗ್ಯವಾದ ಪ್ರಶ್ನೆ.

ಕೈಯಲ್ಲಿ ಮೊಬೈಲು ಹಿಡಿದ ಪ್ರತಿಯೊಬ್ಬನೂ ಇಂದು ಪ್ರಕಾಶಕನೇ. ಎಂಟನೆಯ ತರಗತಿ ಮುಗಿಸುವ ಹೊತ್ತಿಗೆ ನಮ್ಮ ಬಹುಪಾಲು ಮಕ್ಕಳು ಯಾವುದಾದರೊಂದು ಸಂದೇಶವನ್ನು ಮುಂದಕ್ಕೆ ಕಳಿಸಿಯೇ ಇರುತ್ತಾರೆ. ಕಳಿಸುವ ಮೊದಲು 'ಯಾರು ಹೇಳಿದರು?' ಎಂದು ತನ್ನನ್ನೇ ಕೇಳಿಕೊಳ್ಳುವ ಒಂದು ಕ್ಷಣದ ತಡೆಯನ್ನು ಕನ್ನಡ ತರಗತಿ ಮಗುವಿಗೆ ಕೊಡಬಲ್ಲುದಾದರೆ, ಆ ತಡೆಯ ಮೇಲೆ ಕೆಲವೊಮ್ಮೆ ಒಬ್ಬ ಅಪರಿಚಿತನ ಜೀವವೇ ನಿಂತಿರುತ್ತದೆ.